ಒಂದು ಹುಳ, ಮೂರು ಹೆಸರು

ತೀರ್ಥಹಳ್ಳಿ
ಜೂನ್ 9

ಚಿ. ಭಾವನಾಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರದ ಊಟ, ರೂಮು, ಬಾಡಿಗೆಯ ಸಮಾಚಾರವನ್ನೆಲ್ಲ ನಿಮ್ಮಮ್ಮ ಎರಡೆರಡು ಸಲ ಓದಿ ಹೇಳಿದ್ದಾಳೆ. ನನ್ನ ನಿದ್ದೆ ಕೆಡಿಸಿದ್ದು ಕೊನೆಯ ಪುಟದ ಒಂದು ಸಾಲು. "ದೊಡ್ಡಪ್ಪ, ಒಂದೇ ಹುಳಕ್ಕೆ ನಾನು ಮೂರು ಹೆಸರಿಟ್ಟುಬಿಟ್ಟರೆ?"

ಆ ಸಾಲನ್ನು ಎಷ್ಟು ಸಲ ಓದಿದೆನೋ. ಅದನ್ನು ಬರೆಯುವಾಗ ನೀನು ಅತ್ತಿದ್ದೆಯಾ ಅಂತ ಅನುಮಾನ.

ನೀನು ಸಂಶೋಧನೆ ಮಾಡುತ್ತಿರುವ ದಕ್ಷಿಣ ಆಫ್ರಿಕಾದ ದುಂಬಿಗಳ ಪ್ಲಿಯೋಫಿಲ್ಲಾ ಕುಲದ ಬಗ್ಗೆ ನನಗೆ ಗೊತ್ತಿರುವುದು ಸ್ವಲ್ಪವೇ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ತರಹದ ಕಂದು ದುಂಬಿ. ಕುಡಿಮೀಸೆಯ ತುದಿಯಲ್ಲಿ ಮೂರಕ್ಕಿಂತ ಜಾಸ್ತಿ ಎಸಳು ಇರುವುದಕ್ಕೇ ಆ ಹೆಸರು ಬಂದಿದ್ದು, ಅಲ್ವಾ? ಜರ್ಮನಿಯ ಕೀಟಶಾಸ್ತ್ರಜ್ಞ ಎರಿಕ್‌ಸನ್ 1847ರಲ್ಲಿ ಹೆಸರಿಟ್ಟ, ಮರುವರ್ಷವೇ ತೀರಿಕೊಂಡ. ನಲವತ್ತೂ ತುಂಬಿರಲಿಲ್ಲ. ಆ ಕುಲದಲ್ಲಿ ಎಷ್ಟು ಪ್ರಭೇದ ಇವೆ ಅಂತ ತಿಳಿಯುವಷ್ಟು ಅವನು ಬದುಕಲೇ ಇಲ್ಲ. ಇದನ್ನು ಯಾಕೆ ಹೇಳಿದೆ ಅಂದರೆ, ಲೆಕ್ಕ ಪೂರ್ತಿ ಆಗುವವರೆಗೆ ಹೆಸರಿಡಲು ಅವನು ಕಾದಿರಲಿಲ್ಲ.

ಮತ್ತೆ ನಿನ್ನ ಭಯಕ್ಕೇ ಬರುತ್ತೇನೆ. ಡಿಎನ್‌ಎ ಮೂರು ಗುಂಪು ತೋರಿಸುತ್ತಿದೆ, ಗಂಡುಗಳ ಜನನಾಂಗದ ಆಕಾರ ಮಾತ್ರ ಎಲ್ಲ ಒಂದೇ ಗುಂಪು ಅನ್ನುತ್ತಿದೆ ಅಂತ ಬರೆದಿದ್ದೀಯ. ದಕ್ಷಿಣ ಆಫ್ರಿಕಾದ ಬೆಟ್ಟದ ಕಾಡುಗಳು ಹುಲ್ಲುಗಾವಲಿನ ನಡುವೆ ತುಂಡು ತುಂಡಾಗಿ ಉಳಿದಿವೆ. ನಮ್ಮ ಕುದುರೆಮುಖದ ಶೋಲಾ ಕಾಡು ನೋಡಿದ್ದೀಯಲ್ಲ, ಹಾಗೇ. ಒಂದೊಂದು ತುಂಡಿನಲ್ಲಿ ಬಹಳ ಕಾಲ ಬೇರೆಯಾಗಿ ಉಳಿದ ಹುಳದಲ್ಲಿ ಅಷ್ಟಿಷ್ಟು ವ್ಯತ್ಯಾಸ ಹುಟ್ಟಿಯೇ ಹುಟ್ಟುತ್ತದೆ. ಅಷ್ಟಕ್ಕೇ ಅದು ಬೇರೆ ಪ್ರಭೇದ ಆಗಿಬಿಡುವುದಿಲ್ಲ. ಇದೇ ಕುಲದ ಮೇಲೆ 2016ರಲ್ಲಿ ಬಂದ ಲೇಖನವನ್ನು ನೀನೇ ನನಗೆ ಕಳಿಸಿದ್ದೆ. ಕಂಪ್ಯೂಟರ್‌ಗೆ ನಾವು ಮೊದಲು ಏನು ಊಹೆ ಕೊಡುತ್ತೇವೋ ಅದರ ಮೇಲೆ ಉತ್ತರ ಬದಲಾಗುತ್ತದೆ, ಆಕಾರವನ್ನೂ ಜೊತೆಗೆ ನೋಡಬೇಕು ಅಂತಲ್ಲವೇ ಅದರಲ್ಲಿದ್ದಿದ್ದು? ಹಾಗಾಗಿ ನಿನ್ನ ಭಯ ಸುಮ್ನೆ ಹುಟ್ಟಿದ್ದಲ್ಲ.

ಆದರೆ ನನ್ನ ತಪ್ಪು ಇದಕ್ಕೆ ತಿರುಗಮುರುಗ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ.

1987ರಲ್ಲಿ ಅಡಿಕೆ ತೋಟಗಳ ಬೇರುಹುಳ, ಅಂದರೆ ಬೇರು ತಿನ್ನುವ ದುಂಬಿಮರಿ, ಎಣಿಸುವ ಕೆಲಸದಲ್ಲಿದ್ದೆ. ಹುಳದ ಕೊನೆಯ ಭಾಗವನ್ನು ತಿರುಗಿಸಿ ಅಡಿಯ ಕೂದಲಿನ ಸಾಲು ನೋಡಬೇಕು. ಜಾತಿ ಗುರುತಿಸುವುದು ಅದರಿಂದಲೇ. ಒಂದು ತೋಟದ ಡಬ್ಬಿಯಲ್ಲಿ ಎರಡು ತರಹದ ಸಾಲು ಕಂಡಿತು. ಕಂಡಿತು ಭಾವನಾ, ಕಾಣಲಿಲ್ಲ ಅಂತ ಹೇಳಲಾರೆ. ಆದರೆ ಕೈಯಲ್ಲಿದ್ದ ಫಾರಮ್ಮಿನಲ್ಲಿ ಒಂದೇ ಹೆಸರಿಗೆ ಜಾಗ ಇತ್ತು. ಮೇಲಿನವರು ಸಂಜೆಯೊಳಗೆ ಕೇಳಿದ್ದರು. ಒಂದೇ ಹೆಸರು ಬರೆದೆ. ಹುಳಗಳನ್ನು ಚೆಲ್ಲಿದೆ.

ಬೇರುಹುಳಗಳಲ್ಲಿ ಕೆಲವು ಜಾತಿ ಒಂದು ವರ್ಷಕ್ಕೆ ದುಂಬಿಯಾಗುತ್ತವೆ, ಕೆಲವಕ್ಕೆ ಎರಡು ವರ್ಷ ಬೇಕು. ಹೆಸರು ತಪ್ಪಿದರೆ ಔಷಧಿ ಹಾಕುವ ಹೊತ್ತೂ ತಪ್ಪುತ್ತದೆ. ಆ ತೋಟದ ಯಜಮಾನರು ನಾನು ಹೇಳಿದ ತಿಂಗಳಲ್ಲೇ ಹಾಕಿದರು. ಮರಗಳು ಹಳದಿಯಾಗುವುದು ನಿಲ್ಲಲಿಲ್ಲ. ಅದು ನನ್ನಿಂದ ಆಯಿತೋ ಇಲ್ಲವೋ, ನೋಡೋಣ ಅಂದರೆ ಹುಳವೇ ಇಲ್ಲವಲ್ಲ.

ನಿನ್ನ ಹುಳ ಇರುತ್ತದೆ. ನೀನು ಮೂರು ಹೆಸರಿಟ್ಟರೂ ಆ ಮೂರಕ್ಕೂ ಒಂದೊಂದು ಮಾದರಿ ದುಂಬಿ ಮ್ಯೂಸಿಯಂ ಪೆಟ್ಟಿಗೆಯಲ್ಲಿ ಪಿನ್ ಮೇಲೆ ಇರುತ್ತದೆ. ನಾಳೆ ಯಾರೋ ಬಂದು ಇವೆಲ್ಲ ಒಂದೇ ಅಂತ ತೋರಿಸಿದರೆ, ಒಂದು ಹೆಸರು ನಿಲ್ಲುತ್ತದೆ, ಉಳಿದವು ಅದರ ಕೆಳಗೆ ಪರ್ಯಾಯ ಹೆಸರಾಗಿ ಸೇರುತ್ತವೆ. ನಿನ್ನ ಹೆಸರೂ ಆ ತಪ್ಪಿನ ಪಕ್ಕ ಅಚ್ಚಾಗಿರುತ್ತದೆ, ನಿಜ. ಅದು ನೋಯುತ್ತದೆ. ಆದರೂ ತಿದ್ದಲು ಬರುವಂಥ ತಪ್ಪು.

ಬುದ್ಧಿ ಹೇಳುವಷ್ಟು ಓದಿದವನಲ್ಲ ನಾನು, ಬೇಜಾರು ಮಾಡಿಕೊಳ್ಳಬೇಡ. ಒಣಗಿದ ದುಂಬಿಯನ್ನು ಬಿಸಿನೀರಲ್ಲಿ ನೆನೆಸದೆ ಬಿಚ್ಚಬೇಡ. ಬಿಚ್ಚಿದ ಭಾಗವನ್ನು ಅದೇ ಪಿನ್ನಿನ ಕಾರ್ಡಿಗೆ ಅಂಟಿಸು, ಬೇರೆ ಡಬ್ಬಿಗೆ ಹಾಕಬೇಡ. ಒಂದೇ ಒಂದು ಗಂಡು ಸಿಕ್ಕಿದ ಜಾಗಕ್ಕೆ ಅವಸರದಲ್ಲಿ ಹೆಸರಿಡಬೇಡ. ಹೆಣ್ಣುಗಳು ಯಾವ ಗುಂಪಿನವು ಅಂತ ಗೊತ್ತಾಗದಿದ್ದರೆ ಗೊತ್ತಿಲ್ಲ ಅಂತಲೇ ಬರೆ. ಇವೆಲ್ಲ ನಿಮ್ಮ ಗೈಡ್ ಆಗಲೇ ಹೇಳಿರಬಹುದು.

ಮೂರೋ ಒಂದೋ ಅಂತ ರಾತ್ರಿ ಹನ್ನೆರಡಕ್ಕೆ ತೀರ್ಮಾನ ಮಾಡಬೇಡ. ಆ ಮೂರು ಕಾಡುಗಳ ನಡುವಿನ ಜಾಗದಿಂದ ಇನ್ನಷ್ಟು ದುಂಬಿ ಸಿಗುತ್ತವಾ, ಹಳೆಯ ಪೆಟ್ಟಿಗೆಗಳಲ್ಲಾದರೂ ಇವೆಯಾ ಅಂತ ಕೇಳಿ ನೋಡು. ಏನು ಸಿಕ್ಕಿತು ಅಂತ ನನಗೂ ಬರೆ.

ಇಲ್ಲಿ ಮಳೆ ಹಿಡಿದಿದೆ. ನಿನ್ನೆ ಸಂಜೆ ಜಗಲಿಯ ದೀಪಕ್ಕೆ ಬೇರುಹುಳದ ದುಂಬಿಗಳು ಬಂದವು. ನಾಲ್ಕು ಹಿಡಿದೆ. ಊರು, ತಾರೀಕು, ಹೊತ್ತು ಚೀಟಿಯಲ್ಲಿ ಬರೆದು ಸೀಸೆಯೊಳಗೆ ಹಾಕಿಟ್ಟಿದ್ದೇನೆ. ನೀನು ಬಂದಾಗ ನೋಡುವೆಯಂತೆ.

ನಿನ್ನ ದೊಡ್ಡಪ್ಪ