ಮನೆಗೆ ಹೇಗೆ ಬರಲಿ ಅಂತ ಕೇಳಿದ್ದೀಯಲ್ಲ

ಕೋಲಾರ

ಪ್ರೀತಿಯ ಪುಟ್ಟನಿಗೆ ಅತ್ತೆಯ ಆಶೀರ್ವಾದ.

ನಿನ್ನ ಮಾರ್ಕ್ಸು, ಪಿಯುಸಿಯೋ ಡಿಪ್ಲೊಮಾನೋ ಅನ್ನೋ ಜಗಳ, ನಿಮ್ಮಪ್ಪನ ಹಟ, ಇದೆಲ್ಲ ಫೋನಿನಲ್ಲೇ ಗೊತ್ತಾಗಿತ್ತು, ಬಿಡು. ಆದರೆ ಕಾಗದದ ಕೊನೆಯಲ್ಲಿ ಒಂದು ಮಾತು ಬರೆದಿದ್ದೀಯ. "ಅಪ್ಪ ಸಾಲ ಮಾಡಿ ಓದಿಸಿ, ಆಮೇಲೆ ಕೆಲಸ ಸಿಗದಿದ್ದರೆ ನಾನು ಮನೆಗೆ ಹೇಗೆ ಬರಲಿ?" ಅದನ್ನು ಓದಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ ಬರೆಯೋ ಮಾತಾ ಅದು?

ಹೇಗೆ ಬರೋದು ಅಂದರೆ, ಶ್ರೀನಿವಾಸಪುರದ ಬಸ್ಸು ಹತ್ತಿ ಬರೋದು. ತಮಾಷೆಗೆ ಹೇಳುತ್ತಿಲ್ಲ.

ನನ್ನ ಟೀಚರ್ ಟ್ರೈನಿಂಗ್ ಕೋರ್ಸು ಟಿಸಿಎಚ್‌ಗೆ ನಿಮ್ಮ ತಾತ ಎತ್ತು ಮಾರಿದ ಕತೆ ನಿನಗೆ ಗೊತ್ತು. ಆಮೇಲಿನದು ಯಾರಿಗೂ ಹೇಳಿಲ್ಲ. ಹಾಸ್ಟೆಲಿನ ಹುಡುಗಿಯರು ಭಾನುವಾರ ಅಂತರಗಂಗೆ ಬೆಟ್ಟ ಹತ್ತುತ್ತಿದ್ದರು. ಊರ ಪಕ್ಕದ ಬೆಟ್ಟ, ಖರ್ಚೂ ಇಲ್ಲ. ನಾನು ಮಾತ್ರ ಹೋಗುತ್ತಿರಲಿಲ್ಲ. ಎತ್ತು ಮಾರಿದ ದುಡ್ಡಲ್ಲಿ ಓದುವವಳು ಬೆಟ್ಟ ಸುತ್ತಬಾರದು ಅಂತ ನನಗೆ ನಾನೇ ಹಾಕಿಕೊಂಡ ಕಟ್ಟು. ಪರೀಕ್ಷೆಯಲ್ಲಿ ಕೈ ನಡುಗಿ ಗೊತ್ತಿದ್ದ ಉತ್ತರವೂ ಮರೆಯುತ್ತಿತ್ತು. ಕೆಲಸ ಸಿಕ್ಕಿ, ಎತ್ತು ಕೊಡಿಸುತ್ತೇನೆ ಅನ್ನೋ ಹೊತ್ತಿಗೆ ಊರಿಗೆ ಟ್ರ್ಯಾಕ್ಟರ್ ಬಂದಿತ್ತು. "ಈಗ ಎತ್ತು ಯಾಕಮ್ಮ" ಅಂತ ತಾತ ನಕ್ಕರು. ಅಷ್ಟು ವರ್ಷ ಅವರ ಮನಸ್ಸಲ್ಲಿ ಆ ಲೆಕ್ಕ ಇತ್ತೋ, ನನ್ನ ತಲೆಯಲ್ಲಿ ಮಾತ್ರ ಇತ್ತೋ, ಕೇಳಲೇ ಇಲ್ಲ. ಈಗ ಕೇಳೋಣ ಅಂದರೆ ಅವರಿಲ್ಲ.

ನಿಮ್ಮಪ್ಪ ಇದ್ದಾನೆ ಅಲ್ವಾ. ಊಟಕ್ಕೆ ಕೂತಾಗ ನನಗೆ ಬರೆದ ಮಾತನ್ನೇ ಅವನ ಮುಂದೆ ಹೇಳು. ಬೈದರೂ ಬೈಯಲಿ.

ಕಾಲೇಜಿನ ವಿಷಯ ನಾನೇನು ಹೇಳಲಿ, ಪ್ರೈಮರಿ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟವಳು. ಆದರೂ ಒಂದು ಮಾತು. ಸರ್ಕಾರಿ ಪಾಲಿಟೆಕ್ನಿಕ್‌ಗೆ ತೋಟ ಅಡ ಇಡಬೇಕಾದಷ್ಟು ಫೀಸಿಲ್ಲ. ಅಲ್ಲಿ 3 ವರ್ಷದ ಡಿಪ್ಲೊಮಾ ಮುಗಿಸಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದರೆ ಇಂಜಿನಿಯರಿಂಗ್ ನೇರ ಎರಡನೇ ವರ್ಷಕ್ಕೆ ಸೇರಬಹುದು. ಐಟಿಐ ಮಾಡಿದವರೂ ಡಿಪ್ಲೊಮಾದ ಎರಡನೇ ವರ್ಷಕ್ಕೆ ಬರುತ್ತಾರೆ. ಡಿಪ್ಲೊಮಾ ಅಂದರೆ ಬಾಗಿಲು ಮುಚ್ಚಿತು ಅಂತ ನಿಮ್ಮಪ್ಪನಿಗೆ ಯಾರು ಹೇಳಿದರೋ! ಮುಂದೆ ಇಂಜಿನಿಯರಿಂಗ್‌ಗೆ ದುಡ್ಡು ಬೇಕಾದರೂ ಬ್ಯಾಂಕಿನ ಶಿಕ್ಷಣ ಸಾಲ ಇದೆ. 4 ಲಕ್ಷದವರೆಗೆ ಆಸ್ತಿ ಅಡ ಕೇಳೋದಿಲ್ಲ. ಕಂತು ಶುರುವಾಗೋದು ಓದು ಮುಗಿದ ಮೇಲೆ. ಬಡ್ಡಿ ಎಷ್ಟು ಬೆಳೆಯುತ್ತೆ ಅಂತ ಮ್ಯಾನೇಜರ್ ಹತ್ತಿರ ಮೊದಲೇ ಬರೆಸಿಕೋ.

ನೋಡು, ಮತ್ತೆ ಸಾಲಕ್ಕೇ ಬಂದೆ. ಸಾಲಕ್ಕೆ ನಾನು ಹೆದರೋದಿಲ್ಲ. ಅದನ್ನು ತಲೆ ಮೇಲೆ ಹೊತ್ತುಕೊಂಡು ನೀನು ತರಗತಿಯಲ್ಲಿ ಕೂರುತ್ತೀಯಲ್ಲ, ಅದೇ ಭಯ. ಕೆಲಸ ಸಿಗೋದು ತಡವಾಗಬಹುದು. ಸಿಕ್ಕಿದ್ದು ಹಿಡಿಸದೇ ಹೋಗಬಹುದು. ಆಗ ಊರಿಗೆ ಮುಖ ತೋರಿಸಬಾರದು ಅಂತ ಈಗಲೇ ಯಾಕೆ ತೀರ್ಮಾನ ಮಾಡುತ್ತೀಯ? ತಿಂಗಳುಗಟ್ಟಲೆ ಮನೆಯಲ್ಲಿದ್ದರೂ ನಿನ್ನ ತಟ್ಟೆ ಯಾರೂ ಎತ್ತಿಡೋದಿಲ್ಲ.

ಬೆಂಗಳೂರಿನ ಆ ಖಾಸಗಿ ಕಾಲೇಜಿನವರು ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಂದರಂತೆ. ಆಫೀಸಲ್ಲಿ ಕೇಳಬೇಡ, ಫೈನಲ್ ಇಯರ್ ಹುಡುಗರನ್ನು ಗೇಟಿನ ಹತ್ತಿರ ಹಿಡಿ. ಯಾವ ಕಂಪನಿ, ಕಾಯಮ್ಮೋ ಕಾಂಟ್ರ್ಯಾಕ್ಟೋ, ಹೋದವರು ವರ್ಷದ ಮೇಲೂ ಅಲ್ಲೇ ಇದ್ದಾರೋ, ಕೇಳು. ವರ್ಕ್‌ಶಾಪಿಗೆ ಹೋಗಿ ಲೇತ್ ಯಂತ್ರದ ಮೇಲೆ ಧೂಳು ಇದೆಯಾ ನೋಡು. ನಮ್ಮ ನರಸಾಪುರದಲ್ಲೇ ಸ್ಕೂಟರೂ ಆಗುತ್ತೆ, ಐಫೋನೂ ಆಗುತ್ತೆ. ಅಲ್ಲಿಗೆ ಹೋಗೋ ನಿಮ್ಮೂರ ಹುಡುಗರಿದ್ದರೆ ಡಿಪ್ಲೊಮಾದವರಿಗೆ ಏನು ಕೆಲಸ ಕೊಡುತ್ತಾರೆ ಅಂತ ವಿಚಾರಿಸು. ಸರ್ಕಾರದ ಟೂಲ್ ರೂಮ್ ತರಬೇತಿ ಕೇಂದ್ರ ಜಿಟಿಟಿಸಿ ಕೂಡ ನೋಡು. ಅಲ್ಲಿ ಕಾರ್ಖಾನೆಯ ಅಚ್ಚು, ಉಪಕರಣ ಮಾಡೋದು ಕಲಿಸೋ ಟೂಲ್ ಅಂಡ್ ಡೈ ಕೋರ್ಸಿಗೆ 3 ವರ್ಷ ಪಾಠ, ಆಮೇಲೆ 1 ವರ್ಷ ಕಾರ್ಖಾನೆಯಲ್ಲಿ ತರಬೇತಿ. ನಿನಗೆ ಹಿಡಿಸದಿದ್ದರೆ ಬೇಡ. ಸುಮ್ನೆ ಹೇಳಿದೆ.

ನಾಡಕಚೇರಿಯಲ್ಲಿ ಜಾತಿ, ಆದಾಯ ಪತ್ರಕ್ಕೆ ಈ ವಾರವೇ ಅರ್ಜಿ ಹಾಕು, ಸ್ಕಾಲರ್‌ಶಿಪ್‌ಗೆ ಬೇಕಾಗುತ್ತೆ. ಆಧಾರಲ್ಲೂ ಮಾರ್ಕ್ಸ್ ಕಾರ್ಡಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿಕೋ.

ಇಂತಿ,
ನಿನ್ನ ಅತ್ತೆ