ಹಳೆಯ ಟ್ರಿಟಿಯಂ ವಾಚನ್ನು ಹೊಸದೆಂದು ಮಾರಿದ ಬಗ್ಗೆ ದೂರು

ಗೆ,
ಗ್ರಾಹಕ ದೂರು ವಿಭಾಗದ ಮುಖ್ಯಸ್ಥರಿಗೆ

ವಿಷಯ: 2012ರಲ್ಲಿ ತಯಾರಾದ ಮಿಲಿಟರಿ ಮಾದರಿ ವಾಚನ್ನು 2024ರ ಕೊನೆಯಲ್ಲಿ ‘ಹೊಚ್ಚ ಹೊಸದು’ ಎಂದು ಮಾರಿದ್ದು; ಹಣ ವಾಪಸ್ ಕೋರಿಕೆ.

ಮಾನ್ಯರೇ,

ನಿಮ್ಮ ಆನ್‌ಲೈನ್ ಅಂಗಡಿಯಿಂದ ನಾನು ಒಂದು ಟ್ರಿಟಿಯಂ ವಾಚ್, ಅಂದರೆ ಟ್ರಿಟಿಯಂ ಅನಿಲದಿಂದ ಕತ್ತಲಲ್ಲಿ ತಾನೇ ಬೆಳಗುವ ವಾಚ್ ಕೊಂಡೆ. ನನಗೆ ರಾತ್ರಿ ಆಕಾಶ ನೋಡುವ ಹವ್ಯಾಸ. ಉಲ್ಕೆ ಬಿದ್ದ ಸಮಯ ಬರೆದುಕೊಳ್ಳಲು ಟಾರ್ಚ್ ಹಾಕಿದರೆ, ಕತ್ತಲಿಗೆ ಹೊಂದಿಕೊಂಡ ಕಣ್ಣು ಮತ್ತೆ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು. ಟ್ರಿಟಿಯಂ ಬೆಳಕು ಮಂದವಾಗಿದ್ದರೂ ರಾತ್ರಿಯಿಡೀ ಒಂದೇ ಸಮ ಇರುತ್ತದೆ. ಅದಕ್ಕೇ ಜಾಸ್ತಿ ದುಡ್ಡು ಕೊಟ್ಟು ಇದನ್ನೇ ತೆಗೆದುಕೊಂಡೆ.

ವಾಚ್ ಬಂದ ಮೊದಲ ರಾತ್ರಿಯೇ ಅನುಮಾನ ಬಂತು. ಗೆಳೆಯರೊಬ್ಬರ ಬಳಿ ಇದೇ ಮಾದರಿಯ ವಾಚ್ ಇದೆ, ಈಚೆಗೆ ತಯಾರಾದದ್ದು. ಕತ್ತಲಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟರೆ ನನ್ನದು ತುಂಬಾ ಮಂಕು. ಬೆಳಿಗ್ಗೆ ತಿರುಗಿಸಿ ನೋಡಿದರೆ ಹಿಂಬದಿಯ ಮುಚ್ಚಳದಲ್ಲೇ ‘ಆಗಸ್ಟ್ 2012’ ಎಂದು ಕೊರೆದಿದೆ! ಬಾಕ್ಸ್ ಮೇಲೆ ನೀವು ಅಂಟಿಸಿದ ಚೀಟಿಯಲ್ಲಿ ಆಮದಿನ ತಿಂಗಳು ಮಾತ್ರ ಇದೆ.

ಬೇರೆ ವಾಚ್ ಆಗಿದ್ದರೆ ನಾನು ಇಷ್ಟು ತಕರಾರು ಮಾಡುತ್ತಿರಲಿಲ್ಲ. ಆದರೆ ಟ್ರಿಟಿಯಂ ಬಾಕ್ಸ್‌ನಲ್ಲಿ ಸುಮ್ನೆ ಇದ್ದರೂ ಕರಗುತ್ತಲೇ ಇರುತ್ತದೆ. ಅದು ವಿಕಿರಣಶೀಲ ಹೈಡ್ರೋಜನ್. ಅಂಕಿಗಳ ಜಾಗದಲ್ಲಿರುವ ಸಣ್ಣ ಗಾಜಿನ ಕೊಳವೆಗಳಲ್ಲಿ ಆ ಅನಿಲ ತುಂಬಿರುತ್ತದೆ. ಅದರಿಂದ ಹೊರಡುವ ಎಲೆಕ್ಟ್ರಾನ್‌ಗಳು ಗಾಜಿನ ಒಳಮೈಗೆ ಬಳಿದ ಪುಡಿಗೆ ಬಡಿದಾಗ ಬೆಳಕು ಬರುತ್ತದೆ. ಸುಮಾರು 12.3 ವರ್ಷಕ್ಕೆ ಟ್ರಿಟಿಯಂ ಅರ್ಧಕ್ಕೆ ಇಳಿಯುತ್ತದೆ, ಇನ್ನರ್ಧ ಹೀಲಿಯಂ ಆಗಿರುತ್ತದೆ. ಅಂದರೆ ನನ್ನ ಕೈ ಸೇರುವ ಹೊತ್ತಿಗೇ ಅರ್ಧ ಮುಗಿದಿತ್ತು. ಹಾಲಿನ ಪ್ಯಾಕೆಟ್ ಮೇಲೆ ತಾರೀಕು ಇರುವ ಹಾಗೆ ಇದಕ್ಕೂ ತಯಾರಿಕೆಯ ವರ್ಷವನ್ನು ಮೊದಲೇ ಹೇಳಬೇಕಲ್ವಾ?

ನಿಮ್ಮ ಜಾಹೀರಾತಿನಲ್ಲಿ ‘25 ವರ್ಷ ಅದೇ ಬೆಳಕು’ ಎಂದಿದೆ. ಇದು ತಪ್ಪು. 25 ವರ್ಷಕ್ಕೆ ಉಳಿಯುವುದು ಕಾಲು ಭಾಗ. ‘ಅಮೆರಿಕದ ಸೈನ್ಯವೇ ತಯಾರಿಸಿದ್ದು’ ಎಂದೂ ಬರೆದಿದ್ದೀರಿ. ಸೈನ್ಯ ವಾಚ್ ತಯಾರಿಸುವುದಿಲ್ಲ. ಹೀಗಿರಬೇಕು ಎಂದು ನಿಯಮ ಬರೆದು ಕಂಪನಿಗಳಿಂದ ಕೊಳ್ಳುತ್ತದೆ. ಕೊಳವೆಗಳನ್ನು ಮಾಡುವವರೇ ಬೇರೆ. ಸ್ವಿಟ್ಜರ್ಲೆಂಡ್‌ನ ಬರ್ನ್ ಹತ್ತಿರದ ನೀಡರ್‌ವಾಂಗೆನ್‌ನಲ್ಲಿ ಇಂಥ ಕೊಳವೆ ಮಾಡುವ ಎಂಬಿ-ಮೈಕ್ರೋಟೆಕ್ ಎಂಬ ಕಂಪನಿ ಇದೆ. 1989ರಲ್ಲಿ ಅಮೆರಿಕದ ಸೈನ್ಯಕ್ಕೆಂದು ವಾಚ್ ಮಾಡಿಕೊಟ್ಟ ಟ್ರೇಸರ್ ಅವರದೇ ಬ್ರ್ಯಾಂಡ್. ಲುಮಿನಾಕ್ಸ್, ಬಾಲ್ ಕಂಪನಿಗಳ ವಾಚ್‌ಗಳಲ್ಲೂ ಇವರ ಕೊಳವೆಗಳಿವೆ. ಇಷ್ಟು ಒಳ್ಳೆಯ ಕೆಲಸ ಮಾಡುವವರ ಹೆಸರು ಹೇಳದೆ ಸೈನ್ಯದ ಹೆಸರು ಹೇಳಿ ಮಾರುವುದು ಏಕೆ? ಕೊಳವೆ ಮಾಡಿದವರ ಮೇಲೆ ನನ್ನ ದೂರಿಲ್ಲ. ಅವರ ವಸ್ತು ಅದರ ವಯಸ್ಸಿಗೆ ಸರಿಯಾಗಿಯೇ ಇದೆ. ನನ್ನ ದೂರು ವಯಸ್ಸು ಮುಚ್ಚಿಟ್ಟ ನಿಮ್ಮ ಮೇಲೆ.

ಸಹಾಯವಾಣಿಗೆ ಫೋನ್ ಮಾಡಿದಾಗ ‘ಬಿಸಿಲಿಗೆ ಇಡಿ ಸರ್, ಚಾರ್ಜ್ ಆಗುತ್ತೆ’ ಎಂದರು. ಬಿಸಿಲು ಬೇಕಾದದ್ದು ಬೆಳಕು ಹೀರಿಕೊಂಡು ಆಮೇಲೆ ಕತ್ತಲಲ್ಲಿ ಹೊಳೆಯುವ ಸೂಪರ್-ಲುಮಿನೋವಾದಂಥ ಬಣ್ಣಗಳಿಗೆ. ಟ್ರಿಟಿಯಂಗೆ ಬಿಸಿಲಿನ ಹಂಗೇ ಇಲ್ಲ. ಆಮೇಲೆ ಇನ್ನೊಬ್ಬರು ‘ವಿಕಿರಣ ಇರುವ ವಸ್ತು, ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ’ ಎಂದರು. ನನಗೆ ತುಂಬಾ ಬೇಜಾರಾದದ್ದು ಈ ಮಾತಿಗೆ. ಅದೇ ವಸ್ತುವನ್ನು ಕೊರಿಯರ್‌ನಲ್ಲಿ ಮನೆಗೆ ಕಳಿಸಿದವರು ನೀವೇ. ಟ್ರಿಟಿಯಂನ ಎಲೆಕ್ಟ್ರಾನ್‌ಗಳು ಕೊಳವೆಯ ಗಾಜನ್ನೇ ದಾಟುವುದಿಲ್ಲ. ಕೊಳವೆ ಒಡೆದರೆ ಮಾತ್ರ ಅನಿಲ ಉಸಿರಿಗೆ ಹೋಗದಂತೆ ಕಿಟಕಿ ತೆರೆದು ದೂರ ಸರಿಯಬೇಕು. ಈ ಸೂಚನೆಯ ಒಂದು ಸಾಲೂ ನಿಮ್ಮ ಬಾಕ್ಸ್‌ನಲ್ಲಿ ಇರಲಿಲ್ಲ. ಗ್ರಾಹಕರಿಗೆ ತಿಳಿಸಬೇಕಾದದ್ದನ್ನು ತಿಳಿಸದೆ, ಅದನ್ನೇ ಹೆದರಿಸಲು ಬಳಸುವುದು ನ್ಯಾಯವಲ್ಲ.

ಆದ್ದರಿಂದ ಸಾಗಣೆ ವೆಚ್ಚವೂ ಸೇರಿ ಪೂರ್ತಿ ಹಣ ವಾಪಸ್ ಕೊಡಿ. ಬದಲಿ ವಾಚ್ ಕೊಡುವುದಾದರೆ ಅದರ ತಯಾರಿಕೆಯ ತಿಂಗಳು, ವರ್ಷವನ್ನು ಮೊದಲೇ ಬರೆದು ತಿಳಿಸಿ. ನಿಮ್ಮಲ್ಲಿರುವ ಪ್ರತಿ ಟ್ರಿಟಿಯಂ ವಾಚ್‌ನ ಪಕ್ಕದಲ್ಲೂ ಆ ವರ್ಷ ಕಾಣಬೇಕು. ‘25 ವರ್ಷ ಅದೇ ಬೆಳಕು’ ಎಂಬ ಸಾಲು ಇವತ್ತೇ ತೆಗೆಯಿರಿ. ಗಡಿಯಲ್ಲೋ ಕಾಡಿನಲ್ಲೋ ರಾತ್ರಿ ಕೆಲಸ ಮಾಡುವವರು ಅದನ್ನು ನಂಬಿ ಕೊಂಡರೆ ಅವರಿಗೆ ಆಗುವ ತೊಂದರೆ ನನ್ನದಕ್ಕಿಂತ ದೊಡ್ಡದು.

15 ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ. ಬಿಲ್ಲು, ಜಾಹೀರಾತಿನ ಚಿತ್ರ, ಹಿಂಬದಿ ಮುಚ್ಚಳದ ಫೋಟೋ, ಎರಡು ವಾಚ್‌ಗಳನ್ನು ಕತ್ತಲಲ್ಲಿ ಅಕ್ಕಪಕ್ಕ ಇಟ್ಟು ತೆಗೆದ ಫೋಟೋ ಇದರ ಜೊತೆಗಿವೆ.

ಇತಿ,
ನಿಮ್ಮ ಗ್ರಾಹಕ
ಮೈಸೂರು