ಮಗಳಿಗೊಂದು ಪತ್ರ: ನಾನು ಓದದೆ ಹಾಕಿದ ಸಹಿ

ಚಿ. ಸೌ. ಮಗಳಿಗೆ ನಿನ್ನ ತಂದೆ ಮಾಡುವ ಆಶೀರ್ವಾದಗಳು.

ಪುಟ್ಟನ ಶಾಲೆಯವರು ಕಳಿಸಿದ ಧಾರ್ಮಿಕ ಪಾಠದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದಿಲ್ಲವೆಂದು ನೀನು ಭಾನುವಾರ ಹೇಳಿದ ಮೇಲೆ ಫೋನಿನಲ್ಲಿ ನಡೆದುದನ್ನು ಮತ್ತೆ ಬರೆಯುವುದಿಲ್ಲ. ಊರಿಗಿಲ್ಲದ ಹಟ ನಿನಗೇಕೆ ಎಂದದ್ದು ನನ್ನ ತಪ್ಪು.

ನಿನಗೆ ಗೊತ್ತಿಲ್ಲದ ಒಂದು ಸಂಗತಿಯಿದೆ. ನಾಲ್ಕನೇ ತರಗತಿಯಲ್ಲಿದ್ದಾಗ ನೀನು ಒಂದು ದಿನ ಊಟದ ಡಬ್ಬಿ ಮರೆತು ಹೋಗಿದ್ದೆ. ಕೊಟ್ಟು ಆಫೀಸಿಗೆ ಹೋಗೋಣವೆಂದು ಸೈಕಲ್ಲನ್ನು ಗೇಟಿನ ಬಳಿ ನಿಲ್ಲಿಸಿ ನಿನ್ನ ತರಗತಿಯ ಕಿಟಕಿಯವರೆಗೂ ಬಂದೆ. ಮಕ್ಕಳೆಲ್ಲ ಕಣ್ಣು ಮುಚ್ಚಿ ಒಂದೇ ದನಿಯಲ್ಲಿ ಪ್ರಾರ್ಥನೆ ಹೇಳುತ್ತಿದ್ದರು. ನೀನೂ ಕೈಮುಗಿದಿದ್ದೆ, ಆದರೆ ಕಣ್ಣು ತೆರೆದಿತ್ತು, ತುಟಿ ಬಿಗಿದಿತ್ತು, ಮೇಷ್ಟ್ರು ನಿನ್ನ ಬೆಂಚಿನ ಪಕ್ಕದಲ್ಲೇ ನಿಂತಿದ್ದರು. ಆ ಪೀರಿಯಡ್ಡಿನಲ್ಲಿ ಹೊರಗೆ ಕೂರಲೇ ಅಪ್ಪ ಎಂದು ನೀನು ಹಿಂದಿನ ವಾರವಷ್ಟೇ ಕೇಳಿದ್ದೆ; ಎಲ್ಲರಂತೆ ಕೂತರೆ ನಿನ್ನ ಗಂಟೇನು ಹೋಗುತ್ತದೆ ಎಂದು ನಾನು ಗದರಿದ್ದೆ. ಡಬ್ಬಿಯನ್ನು ಜವಾನನ ಕೈಗೆ ಕೊಟ್ಟು ಸದ್ದಿಲ್ಲದೆ ಹೊರಟುಬಿಟ್ಟೆ. ಒಳಗೆ ಬಂದಿದ್ದಿರಾ ಎಂದು ಸಂಜೆ ನೀನು ಕೇಳಿದಾಗ, ಗೇಟಿನಿಂದಲೇ ಹಿಂದಿರುಗಿದೆ ಎಂದು ಸುಳ್ಳು ಹೇಳಿದೆ. ಆ ಕಿಟಕಿಯ ಸರಳುಗಳ ಹಸಿರು ಬಣ್ಣ ಚಕ್ಕೆಯೆದ್ದಿದ್ದದ್ದು ಕೂಡ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಅದು ಧರ್ಮಸಂಸ್ಥೆಯೊಂದು ನಡೆಸುತ್ತಿದ್ದ ಅನುದಾನಿತ ಶಾಲೆ. ಅಲ್ಲಿನ ಮೇಷ್ಟ್ರುಗಳ ಸಂಬಳದ ಬಿಲ್ಲು ತಿಂಗಳು ತಿಂಗಳೂ ನನ್ನ ಮೇಜಿಗೇ ಬರುತ್ತಿತ್ತು. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು, ಅನುದಾನವನ್ನೋ ಮಾನ್ಯತೆಯನ್ನೋ ಪಡೆದ ಶಾಲೆಯಲ್ಲಿ ಅದು ಇದ್ದರೂ ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಅದಕ್ಕೆ ಕೂರಿಸುವಂತಿಲ್ಲ ಎನ್ನುವ ಸಂವಿಧಾನದ 28ನೇ ವಿಧಿ ನನಗೆ ಬಾಯಿಪಾಠವಾಗಿತ್ತು. ಹಾಗಿದ್ದೂ ನಿನ್ನನ್ನು ಸೇರಿಸಿದ ದಿನ ಅಂಥದೇ ಒಪ್ಪಿಗೆ ಪತ್ರಕ್ಕೆ ಓದದೆ ಸಹಿ ಹಾಕಿದೆ. ನಾನು ಮಾಡಲಾರದ್ದನ್ನು ನೀನು ಮಾಡಿದ್ದೀಯೆ, ಮಗಳೇ.

ಆದರೆ ಇಂಥ ಶಾಲೆಗಳಿಗೆ ಅನುದಾನವೇ ಬೇಡವೆಂಬ ನಿನ್ನ ವಾದವನ್ನು ಮಾತ್ರ ನಾನು ಒಪ್ಪಲಾರೆ. ಸರ್ಕಾರಿ ಶಾಲೆ ತಲುಪದ ಎಷ್ಟೋ ಕಡೆ ಮಠಗಳೂ ಮಿಷನ್ನುಗಳೂ ಅಕ್ಷರ ಕಲಿಸಿವೆ. ಅಲ್ಪಸಂಖ್ಯಾತರು ನಡೆಸುವ ಶಾಲೆಯೆಂಬ ಕಾರಣಕ್ಕೆ ಅನುದಾನದಲ್ಲಿ ಭೇದ ಮಾಡಬಾರದೆಂದು 30ನೇ ವಿಧಿ ಹೇಳುವುದೂ ನ್ಯಾಯವೇ. ಖಜಾನೆಯ ಹಣ ಎಲ್ಲ ಮನೆಗಳಿಂದ ಬಂದದ್ದಾದ್ದರಿಂದ, ಬೇಡವೆನ್ನುವ ಮಗುವಿಗೂ ಆ ಶಾಲೆಯಲ್ಲಿ ಮರ್ಯಾದೆಯ ಜಾಗವಿರಬೇಕು ಎಂಬುದಷ್ಟೇ ನನ್ನ ಮಾತು. ಧರ್ಮಗಳ ಬಗ್ಗೆ ತಿಳಿಸಿಕೊಡುವುದು ಬೇರೆ, ಧಾರ್ಮಿಕ ಬೋಧನೆ ಬೇರೆ ಎಂದು 2002ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಪುಟ್ಟನಿಗೆ ಮೊದಲನೆಯದನ್ನು ತಪ್ಪಿಸಬೇಡ. ಬಸವಣ್ಣನವರೂ ಏಸುವೂ ಪೈಗಂಬರರೂ ಯಾರೆಂದು ಅವನು ತಿಳಿಯಲಿ.

ಮುಖ್ಯೋಪಾಧ್ಯಾಯರಿಗೆ ಬಾಯಿಮಾತಿನಲ್ಲಿ ಹೇಳಬೇಡ, ಬರೆದುಕೊಟ್ಟು ಸ್ವೀಕೃತಿ ಪಡೆ. ಆ ಅವಧಿಯಲ್ಲಿ ಪುಟ್ಟ ಎಲ್ಲಿ ಕೂರುತ್ತಾನೆ, ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನೂ ಅದರಲ್ಲೇ ಕೇಳು. ಉಪದೇಶವಾಯಿತೆಂದು ಬಲ್ಲೆ. ಆದರೆ ಅವನು ಜಗಲಿಯಲ್ಲಿ ಒಬ್ಬನೇ ಕೂತರೆ, ಶಿಕ್ಷೆಗೆ ಹೊರಹಾಕಿದ ಹುಡುಗನೆಂದು ಉಳಿದ ಮಕ್ಕಳು ತಿಳಿದಾರೆಂಬ ಭಯ ನನ್ನನ್ನು ಬಿಡುತ್ತಿಲ್ಲ. ಭಾನುವಾರ ಸಿಟ್ಟಾಗಿ ಹೊರಬಂದದ್ದೂ ಅದೇ ಭಯ.

ಸೋಮವಾರ ನೀನು ಶಾಲೆಗೆ ಹೋಗುವಾಗ ನಾನೂ ಬರುತ್ತೇನೆ. ಬೆಳಗಿನ ಮೊದಲ ಬಸ್ಸಿಗೆ ಹೊರಟರೆ ಹತ್ತು ಗಂಟೆಗೆ ಅಲ್ಲಿರುತ್ತೇನೆ. ನಾನು ಬರುವುದು ಬೇಡವೆನಿಸಿದರೆ ಅಮ್ಮನಿಗೆ ಒಂದು ಮಾತು ಹೇಳು.

ಇಂತಿ,
ನಿನ್ನ ಅಪ್ಪ